ನಮ್ಮತ್ತಿ ಹಿಡಿದ ಇಮಾನದ ರೆಕ್ಕಿ

ದೆವ್ವ ಗಿವ್ವ ಅಂತ ಯಾರರ ಶುರು ಮಾಡಿದ್ರ ಎದ್ದು ಒಳಗ ಹೋಗಿ ಚಾ ಇಡಾಕಿ ನಾನು. ಈಗೂ ಹಂಗ ಅದೀನಿ. ಆದ್ರ ವರ್ಷಗಳ ಹಿಂದ ಒಂದು ಮಧ್ಯಾಹ್ನ ಆಗಿದ್ದು ಮಾತ್ರ ನನಗ ಇನ್ನೂ ಬಗಿಹರಿದಿಲ್ಲ. ನಗೋರು ನಗ್ರಿ, ಆದ್ರ ಪೂರ್ತಿ ಓದಿ ನಗ್ರಿ.

ಗಾದಿಗನೂರು ಕಡಿ ನಮ್ಮ ಹೊಲದ ಬಾಜೂಕ ಒಂದು ಹಳೇ ಇಮಾನದ ಬಯಲು ಐತಿ. ಯುದ್ಧದಾಗ ಬ್ರಿಟಿಷರು ಹೊಸ ಪೈಲಟ್‌ಗಳಿಗೆ ಇಮಾನ ಹಾರಿಸೂದು ಕಲಿಸಾಕ ಮಾಡಿದ್ದಂತ. ಯುದ್ಧ ಮುಗೀತು, ಅವರು ಹೋದ್ರು, ಸಿಮೆಂಟಿನ ಪಟ್ಟಿ ಉಳೀತು. ಆಮ್ಯಾಲ ಭಾಳ ವರ್ಷ ಗ್ಲೈಡರ್ ಹಾರಿಸೋರು ಬರ್ತಿದ್ರು. ಅವರೂ ಹೋದ್ರು. ಈಗ ಅಲ್ಲಿ ನಾವು ಮೆಣಸಿನಕಾಯಿ ಒಣಗಿಸ್ತೀವಿ. ಅಷ್ಟು ಮಸ್ತ್ ಕಣ ಎಲ್ಲೂ ಸಿಗಲ್ಲ ಬಿಡ್ರಿ.

ನಮ್ಮತ್ತಿ ಅದೇ ಊರಿನ ಮಗಳು. ಸಣ್ಣಾಕಿ ಇದ್ದಾಗ ಆಡು ಕಾಯಾಕ ಹೋಗಿ ಗ್ಲೈಡರಿನ ರೆಕ್ಕಿ ಹಿಡೀತಿದ್ದೆ ಅಂತ ಹೇಳೋರು. ಗ್ಲೈಡರಿಗೆ ಎಂಜಿನ್ ಇರಲ್ಲ, ಹೊಟ್ಟಿ ಕೆಳಗ ಒಂದೇ ಗಾಲಿ, ನಿಂತ್ರ ಒಂದು ಕಡಿ ವಾಲತೈತಿ. ಯಾರರ ರೆಕ್ಕಿ ತುದಿ ಎತ್ತಿ ಸಮ ಹಿಡೀಬೇಕು. ಪಟ್ಟಿಯ ಆ ತುದಿಯಿಂದ ಮಷೀನು ಅದಕ್ಕ ಕಟ್ಟಿದ ತಂತಿ ಎಳದಾಗ ಅದರ ಜೋಡಿ ಒಂದೀಟು ಓಡಬೇಕು.

ಮನ್ಯಾಗ ಯಾರೂ ನಂಬ್ತಿರ್ಲಿಲ್ಲ. "ಸಂಜಿಗೆ ಆಡಿನ ಜೋಡಿ ಇಮಾನಾನೂ ಮನಿಗೆ ಹೊಡ್ಕಂಡು ಬರ್ತಿದ್ದೇನಬೇ?" ಅಂತ ನಮ್ಮ ಮೈದುನ. ಎಲ್ಲಾರಿಗಿಂತ ಜೋರು ನಗಾಕಿ ನಾನೇ. ಅತ್ತಿನೂ ನಗೋರು. ಆದ್ರ ಆವತ್ತು ಅರ್ಧ ರೊಟ್ಟಿಗೇ ಕೈ ತೊಳ್ಕಂಡು ಏಳೋರು.

ಆ ಮಧ್ಯಾಹ್ನ ಪಟ್ಟಿಮ್ಯಾಲ ನಾವಿಬ್ಬರೇ, ಕಾಲಾಗ ಮೆಣಸಿನಕಾಯಿ ಕೆದರ್ತಿದ್ವಿ. ಒಂದು ಎಲಿ ಅಳ್ಳಾಡೋವಷ್ಟೂ ಗಾಳಿ ಇಲ್ಲ. ಅತ್ತಿ ಒಮ್ಮೆಲೇ ನಿಂತ್ರು.

"ವಾಲೇತಿ ನೋಡು. ನನ್ನ ಮೊಣಕಾಲು ಕೇಳಲ್ಲ, ನೀ ಹಿಡಿಯವ್ವ."

ಬಿಸಲು ತಲಿಗೇರೇತಿ ಅಂದ್ಕಂಡೆ. "ಎಲ್ಲೈತ್ರಿ ನಿಮ್ಮ ಇಮಾನ?"

"ಅಲ್ಲೇ, ನಿನ್ನ ಕಾಲ ಹತ್ರ. ಮೆತ್ತಗ ಎತ್ತು."

ಮನಿಗೆ ಹೋಗಿ ಹೇಳಿ ನಗಾಕ ಒಂದು ಮಾತು ಸಿಕ್ತು ಅಂತ ನಾಟಕ ಮಾಡ್ಕಂತ ಬಗ್ಗಿ ಎತ್ತಿದೆ.

ಅಂಗೈಗೆ ಭಾರ ಬಂತು.

ಮಲಗೋ ಹೊರಸಿನ ಒಂದು ತುದಿ ಎತ್ತಿದ್ರ ಹೆಂಗಿರ್ತೈತಿ, ಹಂಗ. ಬಿಗಿಯಾಗಿ ಎಳದ ಬಟ್ಟಿಯಂಗ ನುಣ್ಣಗ, ಬಿಸಲಿಗೆ ಕಾದಿತ್ತು. ಕಣ್ಣಿಗೆ ಮೆಣಸಿನಕಾಯಿ ಬಿಟ್ರ ಏನೂ ಇಲ್ಲ. ಬಿಡೋಣ ಅನ್ನೂದ್ರಾಗ ಅದು ಮುಂದ ಎಳೀತು. ಕಾಯಿ ತುಳ್ಕಂತ ನಾನೂ ಓಡಿದೆ, ಸೀರಿ ಎತ್ಕಂಡು, ಈ ಮೈ ಹೊತ್ಕಂಡು. ಓಡ್ತಾ ಓಡ್ತಾ ಭಾರ ಕಡಿಮಿ ಆತು. ಆಮ್ಯಾಲ ಕೈ ಖಾಲಿ. ಎರಡೂ ಬಾಜು ಮೆಣಸಿನಕಾಯಿ ಗರಗರ ಉರುಳಿದ್ವು, ಗಾಳಿ ಇಲ್ಲದ ದಿನ.

ಅಲ್ಲೇ ಕುಂತೆ. ಅತ್ತಿ ಕುಂಟಿಕೊಂತ ಬಂದ್ರು. ನನ್ನ ಮುಖ ನೋಡ್ಲಿಲ್ಲ, ಮ್ಯಾಲ ನೋಡ್ತಿದ್ರು.

"ಬಿಡೂಕ್ಕಿಂತ ಮೊದ್ಲು ಹಗುರಾತಿಲ್ಲೋ?"

ಈ ಮಾತು ಅವರು ಅಲ್ಲೀತನಕ ಯಾರಿಗೂ ಹೇಳಿರ್ಲಿಲ್ಲ. ನಾನೂ ಬಾಯಿ ಬಿಟ್ಟಿರ್ಲಿಲ್ಲ. ಹ್ಞೂಂ ಅಂತ ತಲಿ ಹಾಕಿದೆ.

"ಮತ್ತ," ಅಂದು ಚೆದರಿದ ಕಾಯಿ ಬಳ್ಯಾಕ ಹತ್ತಿದ್ರು.

ಆವತ್ತು ಊಟಕ್ಕ ಮೈದುನ ಆಡಿನ ಮಾತು ತೆಗದ. "ಹಿಡದಾರ, ಸುಮ್ನ ಊಟ ಮಾಡಪ," ಅಂದೆ. ಅತ್ತಿ ಎರಡು ರೊಟ್ಟಿ ತಿಂದು ಮೂರನೇದಕ್ಕ ಕೈ ಚಾಚಿದ್ರು.

ಆಮ್ಯಾಲ ಎಷ್ಟು ಸಲ ಅಲ್ಲಿ ಯಾರೂ ಇಲ್ಲದಾಗ ಬಗ್ಗಿ ನೋಡೇನಿ. ಕೈಗೆ ಧೂಳು ಬರತೈತಿ, ಅಷ್ಟೇ. ಬಿಸಲು ತಲಿಗೇರಿದ್ದು ನನಗೋ ಅವರಿಗೋ, ಗೊತ್ತಿಲ್ಲ. ಇಬ್ಬರಿಗೂ ಒಂದೇ ಬಿಸಲು ಏರತೈತೇನು?

ಮೊನ್ನಿ ಧೈರ್ಯ ಮಾಡಿ ಮನ್ಯಾಗ ಎಲ್ಲಾರ ಮುಂದ ಹೇಳಿದೆ. "ಮಮ್ಮಿ, ಅಜ್ಜಿ ಇಮಾನ ನೀ ಯಾವಾಗಿಂದ ಮೇಸಾಕ ಹತ್ತಿದಿ?" ಅಂದ ನನ್ನ ಮಗ. ಎಲ್ಲಾರೂ ಬಿದ್ದು ಬಿದ್ದು ನಕ್ರು.

ಎಲ್ಲಾರಿಗಿಂತ ಜೋರು ನಕ್ಕಿದ್ದು ನಮ್ಮತ್ತಿ.