ಅಜ್ಜಂಪುರದಲ್ಲಿ ಸತ್ತ ಸಮುದ್ರದ ಮೀನು

ಮಾಂಸ ಮುಟ್ಟದವರ ಮನೆಯಲ್ಲಿ ಮೀನೊಂದು ಸತ್ತರೆ ಅನುಮಾನ ಯಾರ ಮೇಲೆ ಬರುತ್ತದೆ? ನಮ್ಮ ಮನೆಯಲ್ಲಿ ಅತ್ತೆಯ ಮೇಲೆ ಬಂತು.

ಅತ್ತೆ ಹೋಗಿ ವರ್ಷಗಳಾದವು. ಮೊನ್ನೆ ತರೀಕೆರೆ ಬಸ್ಸಿನಲ್ಲಿ ಯಾರೋ ಗಾಜಿನ ಜಾರನ್ನು ತೊಡೆಯ ಮೇಲಿಟ್ಟುಕೊಂಡು ಕೂತದ್ದು ಕಂಡು ಎಲ್ಲ ನೆನಪಾಯಿತು.

ನನ್ನ ಮೈದುನನ ಹೆಂಡತಿ ಗಿರಿಜೆ ಆಗ ಮಂಗಳೂರಿನಿಂದ ಹೊಸದಾಗಿ ಅಜ್ಜಂಪುರಕ್ಕೆ ಬಂದಿದ್ದಳು. ಇಲ್ಲಿನ ಸಂಜೆಗಾಳಿಗೆ ಉಪ್ಪಿನ ವಾಸನೆಯೇ ಇಲ್ಲವೆಂದು ಕಿಟಕಿಯ ಬಳಿ ಕೂತು ಅಳುತ್ತಿದ್ದಳು. (ಹೊಸ ಮದುವಣಗಿತ್ತಿಗೆ ಅಳುವುದಕ್ಕೆ ಕಾರಣ ಬೇಕೆ?) ಮಗಳ ಬೇಜಾರು ಕಳೆಯಲೆಂದು ಅವಳ ತಂದೆ ಹೆಬ್ಬೆರಳುದ್ದದ ಪಟ್ಟೆ ಮೀನೊಂದನ್ನು ಗಾಜಿನ ಜಾರಿನಲ್ಲಿಟ್ಟು, ಬದಲಿಸಲು ಸಮುದ್ರದ ನೀರನ್ನು ಚೆನ್ನಾಗಿ ತೊಳೆದ ಸೀಮೆಎಣ್ಣೆ ಡಬ್ಬಗಳಲ್ಲಿ ತುಂಬಿ, ಮೋಟಾರ್ ಬಸ್ಸಿನಲ್ಲಿ ಕಡೂರಿನ ಮಾರ್ಗವಾಗಿ ಕಳಿಸಿದರು.

ಅತ್ತೆ ಮೂಗಿಗೆ ಸೆರಗು ಹಿಡಿದರು. "ಲಿಂಗಪೂಜೆ ಮಾಡೋ ಮನೇಲಿ ಮೀನಾ? ಬಂದೋರು ಏನಂತಾರೆ ಕಣೇ?"

ಬಂದವರು ಅಂದೇಬಿಟ್ಟರು. ಪಕ್ಕದ ಮನೆಯ ನಂಜಮ್ಮ ಜಾರಿನೊಳಗೆ ಇಣುಕಿ, "ಏನ್ರೀ, ಸಾರು ಯಾವತ್ತು?" ಎಂದರು.

ಹಾಗಾಗಿ ಒಂದು ಬೆಳಿಗ್ಗೆ ಮೀನು ಹೊಟ್ಟೆ ಮೇಲಾಗಿ ತೇಲಿದಾಗ, ಗಿರಿಜೆ ಅತ್ತೆಯನ್ನು ನೋಡಿದ ನೋಟ ಎಲ್ಲರಿಗೂ ಅರ್ಥವಾಯಿತು. ಟ್ರಂಕು ಎಳೆದಳು. "ನಾನು ಊರಿಗೆ ಹೋಗ್ತೇನೆ ಅಕ್ಕ. ಒಂದು ಮೀನನ್ನು ಸಹ ಬದುಕ್ಲಿಕ್ಕೆ ಬಿಡುದಿಲ್ಲ ಇಲ್ಲಿ."

"ನಾನ್ಯಾಕಮ್ಮ ಸಾಯಿಸ್ಲಿ?" ಎಂದರು ಅತ್ತೆ. ಅಷ್ಟೇ. ಆಮೇಲೆ ಊಟಕ್ಕೂ ಏಳಲಿಲ್ಲ.

ಜಾರು ತೊಳೆಯುವ ಕೆಲಸ ನನಗೆ ಬಿತ್ತು. ನೀರು ಚೆಲ್ಲುವಾಗ ನೋಡಿದೆ, ತೆಳು ಹಸಿರು ಛಾಯೆ. ಪಾಚಿಯಲ್ಲ. ಹಾಗಾದರೆ ಉಳಿದ ನೀರು ಹೇಗಿದೆ? ಡಬ್ಬಗಳು ಖಾಲಿ! ಹುಡುಕಿದರೆ ದೇವರ ಮನೆಯ ಮೂಲೆಯಲ್ಲಿ, ಅತ್ತೆ ತಮ್ಮ ತವರಿನಿಂದ ತಂದ ತಾಮ್ರದ ಹಂಡೆಯಲ್ಲಿತ್ತು. ನೀರಿನ ಅಂಚಿನುದ್ದಕ್ಕೂ ಹಸಿರು ಕಿಲುಬು.

"ಇದಕ್ಯಾಕೆ ಸುರಿದ್ರಿ ಅತ್ತೆ?"

"ಡಬ್ಬ ತುಕ್ಕು ಹಿಡಿದಿತ್ತು ಕಣೇ. ಆ ಮಗು ತವರಿನ ನೀರು. ಸಮುದ್ರ ಅಂದ್ರೆ ಎಲ್ಲಾ ತೀರ್ಥನೂ ಸೇರಿದ್ದು, ತಾಮ್ರದಲ್ಲಿ ಇಡಬೇಕಲ್ವಾ? ಹುಣಸೆಹಣ್ಣು ಹಾಕಿ ಬೆಳಗಿ ತುಂಬ್ಸಿದ್ದೀನಿ. ಜಾರಿನ ನೀರೂ ಇದರಿಂದ್ಲೇ ಬದಲಾಯಿಸ್ದೆ."

ಕಲಾಯಿ ಇಲ್ಲದ ತಾಮ್ರದಲ್ಲಿ ಮಜ್ಜಿಗೆ ಇಡಬೇಡ, ಉಪ್ಪಿನಕಾಯಿ ಇಡಬೇಡ, ವಿಷವಾಗುತ್ತೆ ಎಂದು ನನಗೆ ಕಲಿಸಿದವರೇ ಅವರು. (ಕಾನ್ವೆಂಟಿನ ಸಿಸ್ಟರ್ ಕೂಡ ಸೈನ್ಸ್ ಕ್ಲಾಸಿನಲ್ಲಿ ಹೇಳಿದ್ದು ಇದನ್ನೇ, ಇಂಗ್ಲಿಷಿನಲ್ಲಿ.) ಆದರೆ ಉಪ್ಪುನೀರು ಒಮ್ಮೆ ತೀರ್ಥವಾಯಿತೆಂದರೆ ಅದರೊಳಗಿನ ಉಪ್ಪು ಯಾರಿಗೆ ನೆನಪಿರುತ್ತದೆ?

ಗಿರಿಜೆಯನ್ನು ಕರೆದು ಹಂಡೆ ತೋರಿಸಿ, ಮೆಲ್ಲಗೆ ಎಲ್ಲವನ್ನೂ ಹೇಳಿದೆ. ಅವಳು ಆ ಹಸಿರಿನ ಮೇಲೆ ಬೆರಳಾಡಿಸುತ್ತ ನಿಂತಳು.

ಅಷ್ಟರಲ್ಲಿ ಅತ್ತೆ ಬಾಗಿಲಿಗೆ ಬಂದರು. "ಇನ್ನೊಂದು ತರ್ಸೋಣ ಬಿಡಮ್ಮ. ನಂಜಮ್ಮ ಏನಾದ್ರೂ ಅನ್ಕೊಳ್ಳಿ. ನೀರಿಗೆ ನನ್ನ ಹಂಡೆ ಐತಲ್ಲ!"

ಗಿರಿಜೆ ನನ್ನ ಮುಖ ನೋಡಿದಳು. ಆಮೇಲೆ ಅತ್ತೆಯ ಮುಖ.

"ಬೇಡ ಅತ್ತೆ. ನನಗೀಗ ಇಲ್ಲಿ ಬೇಜಾರಿಲ್ಲ."

ಆ ಮಾತು ನಿಜವೋ, ಅತ್ತೆಗಾಗಿ ಕಟ್ಟಿದ ಸುಳ್ಳೋ? ಇಷ್ಟು ವರ್ಷ ಒಂದೇ ಒಲೆಯ ಮುಂದೆ ಕೂತರೂ ನಾನು ಕೇಳಿಲ್ಲ.