ಮೇಲಿನ ಪೋರ್ಷನ್ನಿನ ಹನ್ನೆರಡನೇ ಕಾಯ್ದೆ

ಅಮೀರ್‌ಪೇಟಿನಾಗ ನಾವು ಬಾಡಿಗಿಗಿದ್ದ ಮ್ಯಾಲಿನ ಪೋರ್ಷನ್ ಬಾಗಿಲ ಹಿಂದ ಹನ್ನೊಂದು ಕಾಯ್ದೆ ಬರದು ಅಂಟಿಸಿದಾಕಿ ನಾನ. ಮನಿ ಮಾಲಕರು ಹೇಳತಾ ಹೋದ್ರು, ನಾನು ಬರಕೋತ ಹೋದೆ. ನನ್ನ ಅಕ್ಷರ ದುಂಡಗ ಅದಾವು ಅಂತ ಅವರಿಗೆ ಮೊದಲನೇ ದಿನಾನ ಗೊತ್ತಾಗಿತ್ತು. ಗೇಟು ಒಂಬತ್ತೂವರಿಗೆ ಬಂದ್. ನಳಕ್ಕ ಮಂಜೀರಾ ನೀರು ಬಿಟ್ಟಾಗ ಮೇಲಿನವರಿಗೆ ಎರಡು ಕೊಡ, ಮೂರನೇದಕ್ಕ ಕೈ ಹಚ್ಚಬಾರದು. ಗಂಡಸರು ಯಾರ ಬರಲಿ, ಅಪ್ಪ ಆಗಲಿ ಅಣ್ಣ ಆಗಲಿ, ಕೆಳಗ ಪಡಸಾಲಿಯಾಗ ಕೂತು ಮಾತಾಡಿ ಹೋಗಬೇಕು. ಏಳನೇದು ಹೆಣ್ಣಮಕ್ಕಳದು: ತಿಂಗಳಿನ ಆ ದಿನ ಬಂದ್ರ ಮೊದಲ ಕೆಳಗ ತಿಳಸಬೇಕು, ನಾಲ್ಕು ದಿನ ಮಾಳಿಗಿ ಮ್ಯಾಲಿನ ತುಳಸಿಕಟ್ಟಿ ಕಡೆ ಹಾಯಬಾರದು. ನಾಲ್ಕನೇದನ್ನ ಮಾತ್ರ ಕೆಂಪು ಶಾಯಿಲೆ ಬರಸಿದ್ರು. ಮಾಂಸ, ಮೀನು, ತತ್ತಿ ತಿನ್ನವರಿಗೆ ಈ ಮನಿ ಕೊಡೂದಿಲ್ಲ.

ಮಾಲಕಿಗೆ ನಾನು ಕಾಕು, ಅಂದ್ರ ಚಿಕ್ಕಮ್ಮ, ಅಂತಿದ್ದೆ. ರಾಯಚೂರ ಕಡೆಯವರು, ರಾಯರ ಭಕ್ತರು. ಮಾವನ ಕಾಲದಿಂದ ಹೈದರಾಬಾದಿನಾಗ ಸರ್ಕಾರಿ ನೌಕರಿ ಮನಿತನ. ಮಂದಿ ಜೋಡಿ ತೆಲುಗು, ಕಾಯಿಪಲ್ಯದವನ ಜೋಡಿ ಹಿಂದಿ, ಸಿಟ್ಟು ಬಂದ್ರ ಮಾತ್ರ ಅಪ್ಪಟ ಕನ್ನಡ. ನಾನು ಗುಲಬರ್ಗಾ ಕಡೆ ಲಿಂಗಾಯತರ ಹುಡುಗಿ. ನಮ್ಮಪ್ಪ ನನ್ನ ಕಂಪನಿ ನೌಕರಿಗೆ ಹೂಂ ಅಂದದ್ದ ಈ ಮನಿ ನೋಡಿ. "ನಮ್ಮ ಮಾತಾಡೋ ಮಂದಿ, ನೇಮಸ್ಥರು. ಈ ಮನಿ ಬಿಟ್ಟಿ ಅಂದ್ರ ಮರುದಿನ ಬಸ್ ಹತ್ತಿ ಊರಿಗೆ ಬರಬೇಕು, ವರ ನೋಡೇ ಇಟ್ಟೀನಿ" ಅಂದಿದ್ದ. ಅಪ್ಪ ಚ್ಯಾಷ್ಟಿ ಮಾಡೋ ಮನಶ್ಯಾ ಅಲ್ಲ.

ನನ್ನ ಜೋಡಿ ಪೋರ್ಷನ್ ಹಂಚಿಕೊಂಡಾಕಿ ಮಲ್ಪೆ ಹುಡುಗಿ. ಸಾಫ್ಟ್‌ವೇರ್ ಕೋರ್ಸಿನಾಗ ಇಬ್ಬರೂ ಒಂದ ಬೆಂಚು, ನೌಕರಿ ಬ್ಯಾರೆ ಬ್ಯಾರೆ ಕಂಪನಿಯಾಗ. ಅಕಿ ಅಪ್ಪ ಸಮುದ್ರಕ್ಕ ಬೋಟು ತಗೊಂಡು ಹೋಗಿ ಮೀನು ಹಿಡಿಯಾಂವ. ಈ ಮನಿಗೆ ಬರೂದಕ್ಕ ಮೊದಲು ಹಾಸ್ಟೆಲಿನಾಗ ಒಂದು ಖೋಲಿಗೆ ಆರು ಮಂದಿ, ತಿಗಣಿ ಕಡದು ಅಕಿ ಮೈ ತುಂಬ ಗಾದರಿ. ಮನಿ ನೋಡಾಕ ಹೋದ ದಿನ ಕಾಕು ಕೇಳಿದ್ರು, "ಯಾವೂರವಾ ನಿಂದು?" ಮಲ್ಪೆ ಅಂದ್ರ ಇಲ್ಲಿ ಯಾರಿಗೆ ತಿಳೀತದ ಅಂತ ಅಕಿ "ಉಡುಪಿ" ಅಂದ್ಲು. ಕಾಕು ಮುಖ ಅರಳಿತು ನೋಡ್ರಿ! "ಅಯ್ಯ, ಕೃಷ್ಣನ ಊರಾಕಿ! ಹಂಗಾರ ಕೇಳೂದ ಬ್ಯಾಡ, ನಮ್ಮಾಕಿನ ಆದಿ." ಹೈದರಾಬಾದಿನಾಗ ಉಡುಪಿ ಅಂದ್ರ ಮಠ, ಇಲ್ಲಾಂದ್ರ ಶುದ್ಧ ಸಸ್ಯಾಹಾರಿ ಹೋಟೆಲ್. ಅಲ್ಲಿ ಸಮುದ್ರ ಐತಿ, ಮೀನು ಹಿಡಿಯವರು ಅದಾರ ಅನ್ನೂದು ಕಾಕುಗ ಹೊಳೀಲೇ ಇಲ್ಲ. ಗೆಳತಿ ಏನೋ ಹೇಳಾಕ ಬಾಯಿ ತೆಗದ್ಲು. ನಾನು ಅಕಿ ಕಾಲು ತುಳದೆ.

ಅವತ್ತಿಂದ ಅಕಿಗೆ ನನ್ನ ಕಾಯ್ದೆನೂ ಸುರು ಆದವು. ಅವನ್ನ ಎಲ್ಲೂ ಬರದಿರಲಿಲ್ಲ. ನಿಮ್ಮ ಮನಿ ಮಾತು ಕೆಳಗ ಆಡಬ್ಯಾಡ. ಮೆಹದಿಪಟ್ಟಣಂ ಮೆಸ್ಸಿನಾಗ ಮೀನು ತಿಂದು ಬಂದ್ರ ಗೇಟಿನ ಹೊರಗ ಏಲಕ್ಕಿ ಜಗೀಬೇಕು. ಒಳಗ ಬಂದ ಮ್ಯಾಲೆ ನಾನು ಅಕಿ ಓಢಣಿ ಮೂಸಿ ನೋಡತಿದ್ದೆ. ಈಗ ನೆನಸಿಕೊಂಡ್ರ ಮೈ ಮ್ಯಾಲೆ ಹುಳ ಹರದಂಗ ಆಕ್ಕೈತಿ, ಅವತ್ತ ಆಗಲಿಲ್ಲ. ಒಮ್ಮೆ ಅಕಿ ಅವ್ವ ಊರಿಂದ ಬಂದವರ ಕೈಯಾಗ ಒಣ ಸಿಗಡಿ ಚಟ್ನಿ ಕಳಿಸಿದ್ಲು. ಬಾಟ್ಲಿ ಬಾಯಿಗೆ ಹಳೆ ಸೀರಿ ಅರಿವಿ ಕಟ್ಟಿತ್ತು. ನಾನು ಅದನ್ನ ಬ್ಯಾಗಿನಾಗಿಂದ ಎಳದು ತಗೊಂಡು ಹೋಗಿ ಚೌರಸ್ತಾದ ಕಸದ ಡಬ್ಬಿಗೆ ಹಾಕಿ ಬಂದೆ. ಅಕಿ ಜಗಳಾ ತಗೀಲಿಲ್ಲ. "ಅಮ್ಮ ಬಿಸಿಲಲ್ಲಿ ಕೂತು ಮಾಡಿದ್ದು ಅದು" ಅಂದ್ಲು, ಅಷ್ಟ.

ಹತ್ತು ತಿಂಗಳು ಹಿಂಗ ನಡೀತು. ಶ್ರಾವಣ ಬಂತು, ರಾಯರ ಆರಾಧನಿ ಬಂತು. ಕಾಕು ಮನ್ಯಾಗ ಮೂವತ್ತು ಎಲಿ ಊಟ. ಅವತ್ತ ಮುಂಜಾನೆ ಆರಕ್ಕ ಕಾಕು ಒದ್ದಿ ಸೀರಿಯಾಗ ಮೆಟ್ಟಲ ಕೆಳಗ ನಿಂತು ಗೆಳತಿನ ಕರದ್ರು. "ಏ ತಂಗಿ, ಸೊಸಿ ನಸುಕಿನ್ಯಾಗ ಹೊರಗ ಕೂತಾಳವಾ, ಒಲಿ ಮುಂದ ಬರೋಹಂಗಿಲ್ಲ. ತಲಿ ಮ್ಯಾಲೆ ನೀರು ಹಾಕ್ಕೊಂಡು ಮಡಿಲೆ ಬಾ. ಹಯಗ್ರೀವ, ಕಡಬು ಇವತ್ತ ನೀನ ಮಾಡಬೇಕು. ಕೃಷ್ಣನ ಊರಾಕಿ ಕೈಲೆ ರಾಯರಿಗೆ ನೈವೇದ್ಯ, ನನ್ನ ಪುಣ್ಯ ನೋಡು!" ಗೆಳತಿ ನಕ್ಕೋತ "ಆಯ್ತಮ್ಮ" ಅಂದ್ಲು. ಬಾಗಿಲ ಹಾಕಿ ಒಳಗ ಬಂದಾಕಿನ ಹಾಸಿಗಿ ಮ್ಯಾಲೆ ಕೂತುಬಿಟ್ಲು.

ಲಿಂಗಾಯತರಾಕಿ ಅಂತ ನನ್ನ ಮಡಿ ಅಡಿಗಿಗೆ ಕರಿಯೂ ಪ್ರಶ್ನೇನ ಇಲ್ಲ, ಕಾಯಿಪಲ್ಯ ಹೆಚ್ಚಿ ಕೊಟ್ರ ನನ್ನ ಕೆಲಸ ಮುಗೀತು. ಸಿಕ್ಕೊಂಡಾಕಿ ಅಕಿ.

"ನನ್ನಿಂದ ಆಗುದಿಲ್ಲ ಮಾರಾಯ್ತಿ" ಅಂದ್ಲು.

"ನೀನೂ ಹೊರಗ ಆಗೀನಿ ಅನ್ನು, ಮುಗೀತು."

"ಹೋದ ವಾರವೇ ಹೇಳಿದ್ದೇನಲ್ಲ, ನಿನ್ನ ಏಳನೇ ಕಾಯ್ದೆ ಪ್ರಕಾರ. ಅವರು ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದಾರೆ."

"ಜ್ವರಾ ಅನ್ನು."

"ಈಗಷ್ಟೇ ಅವರೆದುರು ನಗ್ತಾ ನಿಂತಿದ್ದೆ. ಹಣೆ ಮುಟ್ಟಿ ನೋಡ್ಲಿಕ್ಕೆ ಮೇಲೆ ಬರ್ತಾರೆ."

ಎಲ್ಲಾ ದಾರಿ ಬಂದ್. ನನಗ ಸಿಟ್ಟು ನೆತ್ತಿಗೇರಿತು. "ಸುಮ್ನ ಹೋಗಿ ಬ್ಯಾಳಿ ತಿರುವಿ ಬಾ ಅಲ್ಲ! ಯಾರಿಗೆ ಗೊತ್ತಾಗತೈತಿ?"

"ದೇವರಿಗೆ?"

"ದೇವರೇನು ಬಾಡಿಗಿಗೆ ಮನಿ ಕೊಡತಾನಾ? ಸೋಮವಾರ ನಿನಗ ಕಂಪನಿ ಪರೀಕ್ಷೆ, ಅದರಾಗ ಬಿದ್ರ ನೌಕರಿ ಹೋತು. ಇವತ್ತ ಈ ಮನಿ ಬಿಟ್ರ ಎಲ್ಲಿ ಕೂತು ಓದತಿ, ಬಸ್ ಸ್ಟ್ಯಾಂಡಿನಾಗೇನು? ನನ್ನ ಗತಿ ಏನು?"

ಅಕಿ ಹಾಸಿಗಿ ಮ್ಯಾಲಿನ ಟವೆಲ್ ಎಳಕೊಂಡ್ಲು. ಆಮ್ಯಾಲೆ ಮೆಲ್ಲಕ ಅಂದ್ಲು, "ನಮ್ಮ ಮನೆಯಲ್ಲೂ ರಾಯರ ಫೋಟೋ ಉಂಟು. ಬೋಟು ಹತ್ತುವ ಮೊದಲು ಅಪ್ಪ ಅದಕ್ಕೆ ಕೈ ಮುಗಿದೇ ಹೋಗುದು." ಎದ್ದು ಜಳಕಕ್ಕ ಹೋದ್ಲು. ಸದ್ಯ, ಹೊಂಟ್ಲಲ್ಲ ಅಂತ ನಾನು ಉಸಿರು ಬಿಟ್ಟೆ.

ನಾನು ಪಡಸಾಲಿಯಾಗ ಈಳಗಿ ಮುಂದ ಕೂತು ಸೌತಿಕಾಯಿ ಹೆಚ್ಚಾಕತ್ತಿದ್ದೆ. ಅಲ್ಲಿಂದ ಅಡಿಗಿ ಮನಿ ಹೊಸ್ತಿಲ ಚೊಲೋ ಕಾಣತಿತ್ತು. ಒದ್ದಿ ಸೀರಿ ಉಟ್ಟ ಗೆಳತಿ ನನ್ನ ದಾಟಿ ಹೋದ್ಲು, ನೆಲದ ಮ್ಯಾಲೆ ನೀರು ಸೋರಿಕೋತ. ಹೊಸ್ತಿಲ ಮುಂದ ನಿಂತ್ಲು. ಒಳಗಿಂದ ಕಾಕು, "ಬಾರವಾ, ಬ್ಯಾಳಿ ಕುದೀಲಿಕ್ಹತ್ಯದ" ಅಂದ್ರು. ಅಕಿ ಕಾಲು ಎತ್ತಲಿಲ್ಲ. ಹೋಗು, ಹೋಗು ಅಂತ ನಾನು ಒಳಗೊಳಗ ಚೀರಾಕತ್ತಿದ್ದೆ.

"ಅಮ್ಮಾ, ನಾನು ಒಳಗೆ ಬರುವುದಿಲ್ಲ. ನನ್ನ ಊರು ಮಲ್ಪೆ, ಉಡುಪಿ ಹತ್ತಿರ. ನಮ್ಮದು ಮೀನು ಹಿಡಿಯುವವರ ಮನೆ. ಈ ಮನೆಯೊಳಗೆ ಯಾವತ್ತೂ ತರಲಿಲ್ಲ, ಹೊರಗೆ ತಿಂದಿದ್ದೇನೆ. ಮೊದಲೇ ಹೇಳಬೇಕಿತ್ತು. ತಪ್ಪಾಯ್ತು."

ಕಾಕು ಸೌಟು ಹಿಡಕೊಂಡು ಹೊಸ್ತಿಲಕ್ಕ ಬಂದ್ರು. ಅಕಿನ್ನ ಕಾಲಿಂದ ತಲಿತನಕ ನೋಡಿದ್ರು. ಅಕಿ ಹೆಗಲ ಮ್ಯಾಲಿಂದ ಹಾಯಿಸಿ ನನ್ನ ಕಡೆ ತಿರುಗಿದ್ರು.

"ನಿನಗ ಗೊತ್ತಿತ್ತೇನು?"

ಆ ಒಂದು ಗಳಿಗಿಯಾಗ ನನಗ ಬ್ಯಾರೆ ಏನೂ ಕಾಣಲಿಲ್ಲ. ಅಪ್ಪ ಕಂಡ, ಬಸ್ ಕಂಡಿತು, ವರ ಕಂಡ.

"ಇಲ್ರಿ ಕಾಕು. ನನಗೂ ಉಡುಪಿ ಅಂತನ ಹೇಳಿದ್ಲು."

ಗೆಳತಿ ಹಿಂದ ಹೊರಳಿ ನೋಡಿದ್ಲು. ಮುಖದಾಗ ಸಿಟ್ಟು ಇರಲಿಲ್ಲ. ಸಿಟ್ಟಾದ್ರೂ ಇದ್ದಿದ್ರ ನಾನು ಈ ಹೊತ್ತಿನತನಕ ಅದರ ಜೋಡಿ ಜಗಳಾ ಆಡಕೋತ ಇರತಿದ್ದೆ. ಕಾಕು ಅಕಿನ್ನ ಕೇಳಿದ್ರು, "ಹೌದೇನು?"

ದೇವರಿಗೆ ಗೊತ್ತಾಗತೈತಿ ಅಂದಾಕಿ, ಆ ದೇವರ ಪೂಜಿ ದಿನಾನ, ಅಡಿಗಿ ಮನಿ ಹೊಸ್ತಿಲದಾಗ ನಿಂತು ಅಂದ್ಲು, "ಹೌದಮ್ಮ. ಅವಳಿಗೆ ಗೊತ್ತಿಲ್ಲ."

ಕಾಕು ಕೂಗಾಡಲಿಲ್ಲ. "ರಾಯರ ದಿನ, ಹಸಗೊಂಡು ಹೋಗಬಾರದು. ಹಿತ್ತಲ ಕಡೆ ಎಲಿ ಹಾಕಸ್ತೀನಿ, ಉಂಡು ಸಂಜಿಕ ಗಂಟು ಕಟ್ಟು" ಅಂದು ಒಳಗ ಹೋದ್ರು. ಅಕಿ ಎಲಿ ಮುಂದ ಕೂಡಲಿಲ್ಲ. ನಾನು ಸೌತಿಕಾಯಿ ಹೆಚ್ಚಿ ಮುಗಿಸಿ ಮ್ಯಾಲೆ ಹೋಗೂದರಾಗ ಒಂದು ಸೂಟ್‌ಕೇಸು, ಪುಸ್ತಕದ ಚೀಲ ಬಾಗಿಲಿಗೆ ಬಂದಿದ್ದವು. ಕೂದಲಾಗಿಂದ ಇನ್ನೂ ನೀರು ಇಳೀತಿತ್ತು. ನಾನು "ಅಲ್ಲ, ಕೇಳಿಲ್ಲೆ" ಅಂದೆ. "ಸೋಮವಾರದ ನೋಟ್ಸ್ ನಿನ್ನ ಹತ್ತಿರ ಉಂಟು, ಕೊಡು" ಅಂದ್ಲು. ಕೊಟ್ಟೆ. ಕೆಳಗ ಆಟೋ ನಿಂತಿತ್ತು. ಸೂಟ್‌ಕೇಸು ಇಳಸಾಕ ಕೈ ಹಚ್ಚಲೇನು ಅಂತ ಕೇಳಲಿಲ್ಲ, ಯಾಕಂದ್ರ ಕಾಕು ಪಡಸಾಲಿಯಾಗಿಂದ ನೋಡಾಕತ್ತಿದ್ರು.

ಮಧ್ಯಾಹ್ನ ನಾನು ಉಂಡೆ. ಎರಡು ಸಲ ಹಯಗ್ರೀವ ನೀಡಿಸಿಕೊಂಡೆ. ಗಂಟಲದಾಗ ಇಳೀಲಿಲ್ಲ ಅಂತ ಬರದ್ರ ಛಂದ ಕಾಣತಿತ್ತು, ಆದ್ರ ಇಳೀತು.

ಅಕಿ ಪರೀಕ್ಷೆ ಏನಾತು ಅಂತ ನನಗ ಗೊತ್ತಾಗಲಿಲ್ಲ. ಒಂದು ಸಲ ಅಕಿ ಕಂಪನಿ ಬಸ್ ನಿಲ್ಲೋ ಕಡೆ ಹೋಗಿದ್ದೆ. ಅಕಿ ಇಳದ್ರ ಏನಂತ ಮಾತಾಡಲಿ ಅಂತ ಹೆದರಿಕಿ ಬಂದು, ಬಸ್ ಬರೂದಕ್ಕ ಮೊದಲ ಹೊಳ್ಳಿ ಬಂದೆ.

ಆರಾಧನಿ ಆದ ಮೂರನೇ ದಿನ ಕಾಕು ಕೆಂಪು ಪೆನ್ನು ತಗೊಂಡು ಮ್ಯಾಲೆ ಬಂದ್ರು. "ಮೀನು ತಿಂದದ್ದಕ್ಕಲ್ಲವಾ, ಸುಳ್ಳು ಹೇಳಿದ್ದು ನನಗ ತಡಕೋಳಿಕ್ಕೆ ಆಗಲಿಲ್ಲ" ಅಂದ್ರು. ನಾನು ನಂಬಲಿಲ್ಲ, ಮೀನಿನ ನಾಲ್ಕನೇ ಕಾಯ್ದೆ ನನ್ನ ಕೈಲೆನ ಬರಸಿದ್ರಲ್ಲ. ಆದ್ರ ತಲಿ ಅಲ್ಲಾಡಿಸಿದೆ. ಕಾಕು ಬಾಗಿಲ ಮುಚ್ಚಿ, ಕಾಗದದ ಕೆಳಗಿನ ಖಾಲಿ ಜಾಗಾ ತೋರಿಸಿ, "ಹನ್ನೆರಡನೇದು ಬರಿ" ಅಂದ್ರು.

ಬರದೆ. ಸುಳ್ಳು ಹೇಳಿದವರು ಅವತ್ತಿನ ದಿನಾನ ಈ ಮನಿ ಬಿಡಬೇಕು.

"ಅಕ್ಷರ ಎಷ್ಟ ಛಂದ ನೋಡು ನಿನ್ನವು" ಅಂತ ಕಾಕು ನನ್ನ ಬೆನ್ನು ಸವರಿದ್ರು. ನಾನು ಆ ಮನ್ಯಾಗ ಇನ್ನೂ ಎರಡು ವರ್ಷ ಇದ್ದೆ.