ನುಂಗಬೇಕಿದ್ದ ಅಕ್ಷರಗಳು

ಬಾದಾಮಿಯಲ್ಲಿ ಗುಹೆಗಳಿಗೆ ಹೋಗುವ ದಾರಿಯಲ್ಲಿ ನಮ್ಮಪ್ಪನ ಚಾದಂಗಡಿ ಇತ್ತು. ಎಂಬತ್ತರ ದಶಕದ ಮೊದಲ ವರ್ಷಗಳು. ಚಳಿಗಾಲ ಬಂತೆಂದರೆ ಫ್ರಾನ್ಸಿನವರು ಬರುತ್ತಿದ್ದರು. ಅವರಿಗೆ ಗುಹೆ ತೋರಿಸುವ ಗೈಡ್ ಆಗಬೇಕೆಂಬ ಹುಚ್ಚು ನನಗೆ. ಬಾಗಲಕೋಟೆಗೆ ಕಾಲೇಜಿಗೆ ಹೋಗಿಬರುತ್ತಿದ್ದವಳು ಅಲ್ಲಿಂದ ಹಳೆಯದೊಂದು ಫ್ರೆಂಚ್ ಪುಸ್ತಕ ತಂದೆ. ಹೇಳಿಕೊಡುವವರಿಲ್ಲ. ಬರೆದದ್ದನ್ನೆಲ್ಲ ಓದುವ ಕನ್ನಡದ ರೂಢಿಯಲ್ಲೇ ಕ್ರಿಯಾಪದಗಳನ್ನು ತುಂಡು ಮಾಡಿ, ಒಂದಕ್ಷರವೂ ಬಿಡದೆ ಬಾಯಿಪಾಠ ಮಾಡಿದೆ. 'ನೋಡಿರಿ' ಅನ್ನಲು ರೆ-ಗಾರ್-ಡೆಜ್. 'ಹತ್ತಿರಿ' ಅನ್ನಲು ಮೊನ್-ಟೆಜ್. ಮಂಗಗಳು 'ತಿನ್ನುತ್ತವೆ' ಅನ್ನಲು ಮಾನ್-ಜೆಂಟ್.

ಮಗಳಿಗೆ ಫ್ರೆಂಚ್ ಬರುತ್ತದೆಂದು ಅಪ್ಪ ಊರಿಗೆಲ್ಲ ಸಾರಿದ್ದ. ಒಂದು ಮುಂಜಾನೆ ಫ್ರೆಂಚ್ ಗಂಡಹೆಂಡಿರಿಬ್ಬರು ಚಾ ಕುಡಿಯಲು ಕೂತಾಗ ಗಿರಾಕಿಗಳೆದುರೇ ನನ್ನನ್ನು ಕರೆದ.

"ಬಾರವ್ವ, ಇವರ ಜೋಡಿ ಮಾತಾಡು."

ನಾನು ಸೆರಗು ಸರಿಮಾಡಿಕೊಂಡು, ಕಲಿತದ್ದನ್ನೆಲ್ಲ ಒಂದೇ ಉಸಿರಿಗೆ ಒಪ್ಪಿಸಿದೆ. ಆ ಹೆಂಗಸು ಗಮನವಿಟ್ಟು ಕೇಳಿ, ಇಂಗ್ಲಿಷಿನಲ್ಲಿ ಅಂದಳು: "ನಿಮ್ಮೂರ ಭಾಷೆ ಎಷ್ಟು ಇಂಪಾಗಿದೆ!"

ನೆಲ ಬಾಯಿಬಿಡಬಾರದೇ ಅನ್ನಿಸಿತು. ತಡವರಿಸುತ್ತ, ಅದು ಫ್ರೆಂಚ್ ಎಂದೆ. ಅವಳ ಗಂಡ ತಡೆಯಲಾರದೆ ನಕ್ಕುಬಿಟ್ಟ. ಗಿರಾಕಿಗಳೂ ನಕ್ಕರು. ಅಪ್ಪನಿಗೆ ಇಂಗ್ಲಿಷೂ ಬಾರದು, ಫ್ರೆಂಚೂ ಬಾರದು; ನನ್ನ ಮುಖ ನೋಡಿಯೇ ತಿಳಿದುಕೊಂಡ. ಕಿಟ್ಲಿ ಕೆಳಗಿಟ್ಟು ಆ ಹೆಂಗಸಿನ ಗಂಡನ ಮುಂದೆ ಬಂದು ನಿಂತ.

"ನಗಬ್ಯಾಡ್ರಿ ಸಾಹೇಬ್ರ. ಕಲೀಲಿಕ್ಕತ್ತಾಳ ಹುಡುಗಿ."

ಅವರೆಲ್ಲರ ನಗೆಗಿಂತ ಆ ಮಾತಿನಿಂದಲೇ ನನಗೆ ಹೆಚ್ಚು ನಾಚಿಕೆಯಾಯಿತು. ಯಾರ ಮುಂದೆಯೂ ದನಿ ತಗ್ಗಿಸದ ಅಪ್ಪ ನನಗಾಗಿ ಬೇಡಿಕೊಳ್ಳುತ್ತಿದ್ದ.

ಹೆಂಗಸು ಗಂಡನನ್ನು ಗದರಿಸಿ ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡಳು. ಪುಸ್ತಕ ತರಿಸಿ, 'ತಿನ್ನುತ್ತವೆ' ಎಂಬ ಪದದ ಕೊನೆಯ ಮೂರಕ್ಷರ ಬೆರಳಿನಿಂದ ಮುಚ್ಚಿದಳು. "ಇವು ಕಣ್ಣಿಗೆ ಮಾತ್ರ, ಬಾಯಿಗಲ್ಲ. ಮಾಂಜ್." 'ನೋಡಿರಿ'ಯ ಕೊನೆಯ 'ಜ್' ಕೂಡ ಹೋಯಿತು. ಅವಳು ಅಂದಂತೆ ಅಂದೆ, ಆದರೆ ತಲೆ ಎತ್ತಲಿಲ್ಲ.

ಅವರು ಹೋದಮೇಲೆ, ಅವಳು ಹೇಳಿಕೊಟ್ಟದ್ದನ್ನು ನನ್ನಿಂದ ತಿಳಿದು ಅಪ್ಪ ಕೇಳಿದ, "ಅಷ್ಟೆಲ್ಲ ಅಕ್ಷರ ನುಂಗೂದಿದ್ರ ಯಾಕ ಬರೀತಾರ?"

ನಾನು ಕಪ್ಪುಬಸಿ ತೊಳೆಯಲು ಎದ್ದೆ. ಆ ಚಳಿಗಾಲವಿಡೀ ಅಂಗಡಿಯ ಮುಂದೆ ಬರಲಿಲ್ಲ. ಆಮೇಲೆ ಧಾರವಾಡದಲ್ಲಿ ಸರಿಯಾಗಿ ಫ್ರೆಂಚ್ ಕಲಿತು ಗುಹೆ ತೋರಿಸಿದ್ದೂ ಆಯಿತು. ಆದರೆ ಅಪ್ಪ ಪಕ್ಕದಲ್ಲಿದ್ದಾಗ ಮಾತ್ರ ಒಮ್ಮೆಯೂ ಫ್ರೆಂಚ್ ಆಡಲಾಗಲಿಲ್ಲ.